ರಾಕಬಿಲಿ ಡ್ರಮ್‌ಗೆ ಒಂದೇ ಸಿಂಬಲ್: ಆಯ್ಕೆ ಹೇಗೆ?

ರಾಕ್ ಸಂಗೀತದ ವೇದಿಕೆಯಲ್ಲಿ ಡ್ರಮ್ ವಾದಕನ ಸುತ್ತ ನಾಲ್ಕಾರು ಸಿಂಬಲ್‌ಗಳು ಹರಡಿಕೊಂಡಿರುವುದು ಸಾಮಾನ್ಯ ನೋಟ. ಆದರೆ ಅದೇ ಸಂಗೀತದ ಹಿರಿಯ ಕವಲುಗಳಲ್ಲಿ ಒಂದಾದ ರಾಕಬಿಲಿಯಲ್ಲಿ ಒಂದು ಬಾಸ್ ಡ್ರಮ್, ಒಂದು ಸ್ನೇರ್ ಡ್ರಮ್ ಮತ್ತು ಒಂದೇ ಒಂದು ಸಿಂಬಲ್ ಇಟ್ಟುಕೊಂಡು, ಆಸನವನ್ನೂ ತೊರೆದು ನಿಂತೇ ನುಡಿಸುವ ಪದ್ಧತಿಯೊಂದು ಬೆಳೆದು ಬಂದಿದೆ. ಸಿಂಬಲ್ ಎಂದರೆ ನಡುವೆ ರಂಧ್ರವಿರುವ, ಸ್ಟ್ಯಾಂಡ್‌ನ ಮೇಲೆ ಕೂರಿಸಿ ಸ್ಟಿಕ್‌ನಿಂದ ನುಡಿಸುವ ಲೋಹದ ತಟ್ಟೆ. ಹಲವು ಸಿಂಬಲ್‌ಗಳಿದ್ದಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಒಂದೇ ಇದ್ದಾಗ ಆ ಅವಕಾಶವಿಲ್ಲ. ಆಯ್ಕೆ ತಪ್ಪಿದರೆ ಹಾಳಾಗುವುದು ಡ್ರಮ್‌ನ ನಾದವಷ್ಟೇ ಅಲ್ಲ. ಈ ಸಂಗೀತಕ್ಕೆ ಜೀವಾಳವಾದ ಬಾಸ್ ವಾದ್ಯದ ಹೊಡೆತವೂ ಕೇಳದಂತಾಗುತ್ತದೆ.

ಡ್ರಮ್ ಇಲ್ಲದೆ ಹುಟ್ಟಿದ ಸಂಗೀತ

ರಾಕಬಿಲಿ ಎಂಬುದು ‘ರಾಕ್’ ಮತ್ತು ‘ಹಿಲ್‌ಬಿಲಿ’ ಎಂಬ ಎರಡು ಪದಗಳ ಬೆಸುಗೆ. ಅಮೆರಿಕದ ದಕ್ಷಿಣ ರಾಜ್ಯಗಳ ಬಿಳಿಯರ ಹಳ್ಳಿ ಹಾಡುಗಾರಿಕೆಯೂ ಆಫ್ರಿಕನ್ ಅಮೆರಿಕನ್ನರ ರಿದಮ್ ಅಂಡ್ ಬ್ಲೂಸ್ ಸಂಗೀತವೂ ಕೂಡಿದಾಗ ಹುಟ್ಟಿದ ಶೈಲಿ ಇದು. 1954ರ ಜುಲೈ 5ರಂದು ಟೆನೆಸಿ ರಾಜ್ಯದ ಮೆಂಫಿಸ್ ನಗರದಲ್ಲಿ, ಸ್ಯಾಮ್ ಫಿಲಿಪ್ಸ್ ಅವರ ಸನ್ ಸಂಸ್ಥೆಯ ಸ್ಟುಡಿಯೋದಲ್ಲಿ ಎಲ್ವಿಸ್ ಪ್ರೀಸ್ಲಿ ‘ದಟ್ಸ್ ಆಲ್ ರೈಟ್’ ಹಾಡನ್ನು ಧ್ವನಿಮುದ್ರಿಸಿದರು. ಅವರೊಂದಿಗೆ ಇದ್ದವರು ಗಿಟಾರ್ ವಾದಕ ಸ್ಕಾಟಿ ಮೂರ್ ಮತ್ತು ಬಾಸ್ ವಾದಕ ಬಿಲ್ ಬ್ಲ್ಯಾಕ್ ಮಾತ್ರ. ಡ್ರಮ್ ಇರಲೇ ಇಲ್ಲ.

ಇಲ್ಲದ ಡ್ರಮ್‌ನ ಕೆಲಸವನ್ನು ಮಾಡಿದ್ದು ಬಿಲ್ ಬ್ಲ್ಯಾಕ್ ಅವರ ಡಬಲ್ ಬಾಸ್. ಆಳೆತ್ತರದ ಈ ತಂತಿವಾದ್ಯವನ್ನು ನುಡಿಸುವಾಗ ವಾದಕ ತಂತಿಯನ್ನು ಸೆಳೆದು ಬಿಡುತ್ತಾನೆ. ಅದು ಮರದ ಪಟ್ಟಿಗೆ ಬಡಿದು ‘ಟಕ್’ ಎನ್ನುತ್ತದೆ. ಎರಡು ಸ್ವರಗಳ ನಡುವೆ ಅಂಗೈಯಿಂದ ತಂತಿಗಳನ್ನು ಪಟ್ಟಿಗೆ ಬಡಿಯುವುದೂ ಉಂಟು. ಸ್ವರ ಮತ್ತು ಹೊಡೆತ ಎರಡನ್ನೂ ಒಂದೇ ವಾದ್ಯದಿಂದ ಹೊರಡಿಸುವ ಈ ತಂತ್ರಕ್ಕೆ ‘ಸ್ಲ್ಯಾಪ್ ಬಾಸ್’ ಎಂದು ಹೆಸರು. ಸನ್ ಸಂಸ್ಥೆಯ ಇನ್ನೊಬ್ಬ ಗಾಯಕ ಜಾನಿ ಕ್ಯಾಶ್ 1956ರ ‘ಐ ವಾಕ್ ದ ಲೈನ್’ ಹಾಡಿಗೆ ಗಿಟಾರಿನ ತಂತಿಗಳ ನಡುವೆ ಕಾಗದದ ತುಂಡನ್ನು ಸಿಕ್ಕಿಸಿ, ಸ್ನೇರ್ ಡ್ರಮ್‌ನ ಸರಸರ ಸದ್ದನ್ನು ಹೋಲುವ ನಾದ ಪಡೆದರು. ಲಯ ಹಿಡಿಯಲು ಡ್ರಮ್ ಬೇಕೇ ಬೇಕೆಂಬ ನಿಯಮ ಈ ಸಂಗೀತದ ಆರಂಭದ ದಿನಗಳಲ್ಲಿ ಇರಲಿಲ್ಲ ಎಂಬುದಕ್ಕೆ ಇವು ನಿದರ್ಶನ.

ತಡವಾಗಿ ಬಂದ ಡ್ರಮ್

ಅಮೆರಿಕದ ಕಂಟ್ರಿ ಸಂಗೀತ ವಲಯದಲ್ಲಿ ಡ್ರಮ್ ಕುರಿತು ಹಿಂದೆ ಒಂದು ಬಗೆಯ ಮಡಿವಂತಿಕೆಯಿತ್ತು. ನ್ಯಾಶ್‌ವಿಲ್‌ನ ಪ್ರಸಿದ್ಧ ‘ಗ್ರ್ಯಾಂಡ್ ಓಲ್ ಆಪ್ರಿ’ ವೇದಿಕೆಯಲ್ಲಿ ದೀರ್ಘಕಾಲ ಅದಕ್ಕೆ ಮುಕ್ತ ಪ್ರವೇಶವಿರಲಿಲ್ಲ. ಲೂಸಿಯಾನಾದ ಶ್ರೀವ್‌ಪೋರ್ಟ್‌ನಿಂದ ಪ್ರಸಾರವಾಗುತ್ತಿದ್ದ ‘ಲೂಸಿಯಾನಾ ಹೇರೈಡ್’ ಕಾರ್ಯಕ್ರಮ ಈ ವಿಷಯದಲ್ಲಿ ಕೊಂಚ ಉದಾರವಾಗಿತ್ತು. ಅಲ್ಲಿನ ಡ್ರಮ್ ವಾದಕ ಡಿ.ಜೆ. ಫೊಂಟಾನಾ 1955ರಲ್ಲಿ ಎಲ್ವಿಸ್ ತಂಡ ಸೇರಿದರು. 1956ರ ಜನವರಿಯಲ್ಲಿ ಆರ್‌ಸಿಎ ಸಂಸ್ಥೆಗಾಗಿ ‘ಹಾರ್ಟ್‌ಬ್ರೇಕ್ ಹೋಟೆಲ್’ ಧ್ವನಿಮುದ್ರಣವಾದಾಗ ಡ್ರಮ್ ಹಿಂದೆ ಇದ್ದವರು ಅವರೇ.

ಕಾರ್ಲ್ ಪರ್ಕಿನ್ಸ್ ಅವರ ‘ಬ್ಲೂ ಸ್ವೇಡ್ ಶೂಸ್’ ಹಾಡಿಗೆ 1955ರ ಡಿಸೆಂಬರ್‌ನಲ್ಲಿ ಡ್ರಮ್ ನುಡಿಸಿದವರು ಡಬ್ಲ್ಯು.ಎಸ್. ಹಾಲೆಂಡ್; ಮುಂದೆ ಅವರು ದಶಕಗಳ ಕಾಲ ಜಾನಿ ಕ್ಯಾಶ್ ಅವರ ಜೊತೆಗಾರರಾದರು. ಜೆರಿ ಲೀ ಲೂಯಿಸ್ ಅವರ ಹಲವು ಹೆಸರಾಂತ ಹಾಡುಗಳಲ್ಲಿ ಕೇಳುವುದು ಜೆ.ಎಂ. ವ್ಯಾನ್ ಈಟನ್ ಅವರ ಕೈಚಳಕ. ಟೆಕ್ಸಾಸ್‌ನ ಬಡ್ಡಿ ಹಾಲಿ ಅವರ ಜೊತೆಗಾರ ಜೆರಿ ಆಲಿಸನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1957ರ ‘ಪೆಗ್ಗಿ ಸೂ’ ಹಾಡನ್ನು ಅವರು ಸಿಂಬಲ್ ಮುಟ್ಟದೆ, ಡ್ರಮ್‌ನ ಚರ್ಮದ ಮೇಲಿನ ಎಡೆಬಿಡದ ಉರುಳಿಕೆಯಿಂದಲೇ ನಡೆಸಿದರು. ‘ಎವ್ರಿಡೇ’ ಹಾಡಿಗೆ ಡ್ರಮ್ಮನ್ನೂ ಬದಿಗಿಟ್ಟು ತೊಡೆ ತಟ್ಟಿದರು.

ಈ ಇತಿಹಾಸದಿಂದ ತಿಳಿಯುವುದು ಇಷ್ಟು: ರಾಕಬಿಲಿಯಲ್ಲಿ ಡ್ರಮ್ ನಂತರ ಬಂದ ಅತಿಥಿ, ಸಿಂಬಲ್ ಅದಕ್ಕೂ ನಂತರದ್ದು. ಮನೆಯವರಾದ ಕಂಠ, ಗಿಟಾರ್ ಮತ್ತು ಬಾಸ್‌ಗೆ ಜಾಗ ಬಿಟ್ಟು ಕೂರಬೇಕಾದ ಸ್ಥಾನ ಅದರದು. ಸಿಂಬಲ್ ಆಯ್ಕೆಗೆ ಇದೇ ಮೂಲಸೂತ್ರ.

ನಿಂತು ನುಡಿಸುವ ಪದ್ಧತಿ

ಮೂರು ತುಣುಕುಗಳ ಡ್ರಮ್ ಜೋಡಣೆಗೆ ಜಾಗತಿಕ ಪ್ರಸಿದ್ಧಿ ತಂದದ್ದು ‘ಸ್ಟ್ರೇ ಕ್ಯಾಟ್ಸ್’ ತಂಡ. ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡ್‌ನ ಮೂವರು ಯುವಕರು 1979ರಲ್ಲಿ ಕಟ್ಟಿದ ಈ ತಂಡ 1980ರಲ್ಲಿ ಲಂಡನ್‌ಗೆ ತೆರಳಿ, ಮರುವರ್ಷ ತನ್ನ ಮೊದಲ ಆಲ್ಬಮ್ ಹೊರತಂದಿತು. ಮರೆತೇಹೋಗಿದ್ದ ರಾಕಬಿಲಿ ಹೊಸ ಪೀಳಿಗೆಯ ಕಿವಿಗೆ ಬಿದ್ದದ್ದು ಬಹುಮಟ್ಟಿಗೆ ಈ ತಂಡದಿಂದ. ಅದರ ಡ್ರಮ್ ವಾದಕ ಸ್ಲಿಮ್ ಜಿಮ್ ಫ್ಯಾಂಟಮ್ ವೇದಿಕೆಯ ಮುಂಭಾಗದಲ್ಲಿ, ಗಾಯಕ ಮತ್ತು ಬಾಸ್ ವಾದಕರ ಸಾಲಿನಲ್ಲೇ ನಿಂತು ನುಡಿಸಿದರು.

ನಿಂತು ನುಡಿಸುವುದು ನೋಟಕ್ಕೆ ಚೆನ್ನ. ಆದರೆ ಅದಕ್ಕೊಂದು ಬೆಲೆಯಿದೆ. ಕುಳಿತ ವಾದಕನ ಬಲಗಾಲು ಬಾಸ್ ಡ್ರಮ್‌ನ ಪೆಡಲ್ ಮೇಲೂ ಎಡಗಾಲು ಹೈ-ಹ್ಯಾಟ್ ಎಂಬ ಜೋಡಿ ಸಿಂಬಲ್‌ನ ಪೆಡಲ್ ಮೇಲೂ ಇರುತ್ತವೆ. ನಿಂತವನ ಒಂದು ಕಾಲು ಪೆಡಲ್ ಒತ್ತಿದರೆ ಇನ್ನೊಂದು ಕಾಲು ಮೈಭಾರ ಹೊರಬೇಕು. ಹೀಗಾಗಿ ಹೈ-ಹ್ಯಾಟ್ ಸಹಜವಾಗಿಯೇ ಹೊರಗುಳಿಯುತ್ತದೆ. ಅದು ಮಾಡುತ್ತಿದ್ದ ಕೆಲಸವೂ ಉಳಿದ ಒಂದೇ ಸಿಂಬಲ್‌ನ ಹೆಗಲೇರುತ್ತದೆ.

ಒಂದು ತಟ್ಟೆ, ಮೂರು ಕೆಲಸ

ಪೂರ್ಣ ಪ್ರಮಾಣದ ಡ್ರಮ್ ಜೋಡಣೆಯಲ್ಲಿ ಲಯದ ಓಟವನ್ನು ಹಿಡಿಯಲು ‘ರೈಡ್’ ಸಿಂಬಲ್ ಇರುತ್ತದೆ. ಹಾಡಿನ ತಿರುವುಗಳಲ್ಲಿ ಒತ್ತು ಕೊಡಲು ‘ಕ್ರ್ಯಾಶ್’ ಇರುತ್ತದೆ. ಚುಟುಕು, ಮುಚ್ಚಿದ ಸದ್ದಿಗೆ ಹೈ-ಹ್ಯಾಟ್ ಇರುತ್ತದೆ. ರೈಡ್ ಸಿಂಬಲ್‌ಗೆ ಬೇಕಾದುದು ಸ್ಟಿಕ್‌ನ ಪ್ರತಿ ತಾಗುವಿಕೆಯೂ ಬಿಡಿಬಿಡಿಯಾಗಿ ಕೇಳುವ ಸ್ಪಷ್ಟತೆ. ಕ್ರ್ಯಾಶ್‌ಗೆ ಬೇಕಾದುದು ಒಂದೇ ಹೊಡೆತಕ್ಕೆ ಭುಗಿಲೆದ್ದು ಬೇಗನೆ ಆರುವ ಗುಣ. ಮೊದಲನೆಯದಕ್ಕೆ ದಪ್ಪ ತಟ್ಟೆ ಅನುಕೂಲ, ಎರಡನೆಯದಕ್ಕೆ ತೆಳು ತಟ್ಟೆ. ಈ ಎರಡರ ನಡುವಿನ ಹದವನ್ನು ಕಂಡುಕೊಳ್ಳುವುದೇ ಆಯ್ಕೆಯ ಕಷ್ಟ.

ಲೆಕ್ಕವೊಂದು ಈ ಕಷ್ಟವನ್ನು ಸ್ಪಷ್ಟಪಡಿಸುತ್ತದೆ. ನಿಮಿಷಕ್ಕೆ 180 ಎಣಿಕೆಗಳ ವೇಗ ರಾಕಬಿಲಿಗೆ ತೀರಾ ಹೆಚ್ಚೇನಲ್ಲ. ತೂಗುವ ನಡೆಯ ರೈಡ್ ಮಾದರಿಯಲ್ಲಿ ಪ್ರತಿ ಎರಡು ಎಣಿಕೆಗೆ ಮೂರು ಹೊಡೆತಗಳು ಬೀಳುತ್ತವೆ. ಅಂದರೆ ನಿಮಿಷಕ್ಕೆ 270, ಸೆಕೆಂಡಿಗೆ ನಾಲ್ಕೂವರೆ ಹೊಡೆತ. ಆದರೆ ದೊಡ್ಡ ಸಿಂಬಲ್‌ನ ಒಂದು ಹೊಡೆತದ ಗುಂಯ್ಗುಡಿಕೆ ಹಲವು ಸೆಕೆಂಡುಗಳ ಕಾಲ ಉಳಿಯುತ್ತದೆ. ಹಿಂದಿನ ಹೊಡೆತ ಆರುವ ಮೊದಲೇ ಮುಂದಿನವು ಬಂದು ಸೇರಿ, ನಾದದ ಪದರವೊಂದು ಕಟ್ಟುತ್ತಾ ಹೋಗುತ್ತದೆ. ಈ ಪದರ ದಟ್ಟವಾದಷ್ಟೂ ಬಾಸ್ ವಾದ್ಯದ ‘ಟಕ್’ ಸದ್ದು, ಗಾಯಕನ ಮಾತಿನ ವ್ಯಂಜನಗಳು ಮತ್ತು ಸ್ನೇರ್‌ನ ಚುರುಕು ಮಸುಕಾಗುತ್ತವೆ. ಈ ಮೂರೂ ಸದ್ದುಗಳ ತೀಕ್ಷ್ಣತೆ ಹೆಚ್ಚು ಕಂಪನಾಂಕದ ಭಾಗದಲ್ಲೇ ಇರುವುದು, ಸಿಂಬಲ್ ಕೂಡ ಅದೇ ಭಾಗವನ್ನು ತುಂಬುವುದು ಇದಕ್ಕೆ ಕಾರಣ.

ಆದ್ದರಿಂದ ‘ಯಾವ ಸಿಂಬಲ್ ಬಿಡಿಯಾಗಿ ಬಾರಿಸಿದಾಗ ಸೊಗಸು?’ ಎಂಬುದಕ್ಕಿಂತ ‘ಯಾವುದು ಉಳಿದ ವಾದ್ಯಗಳನ್ನು ಮುಚ್ಚುವುದಿಲ್ಲ?’ ಎಂಬ ಪ್ರಶ್ನೆಗೆ ಮೊದಲ ಪ್ರಾಶಸ್ತ್ಯ.

ಗಾತ್ರ ಮತ್ತು ತೂಕ

ಸಿಂಬಲ್‌ಗಳನ್ನು ಅಂಗುಲದ ಅಳತೆಯಲ್ಲಿ ಮಾರಲಾಗುತ್ತದೆ. ದಪ್ಪ ಒಂದೇ ಆಗಿದ್ದರೆ ಅಗಲ ಹೆಚ್ಚಿದಂತೆ ಶ್ರುತಿ ತಗ್ಗುತ್ತದೆ. ಅಗಲ ಒಂದೇ ಆಗಿದ್ದರೆ ದಪ್ಪ ಹೆಚ್ಚಿದಂತೆ ಶ್ರುತಿ ಏರುತ್ತದೆ, ಸದ್ದು ಜೋರಾಗುತ್ತದೆ, ಅನುರಣನವೂ ಉದ್ದವಾಗುತ್ತದೆ. ‘ಥಿನ್’, ‘ಮೀಡಿಯಂ’, ‘ಹೆವಿ’ ಎಂಬ ಮುದ್ರೆಗಳಿಗೆ ಎಲ್ಲ ತಯಾರಕರಲ್ಲೂ ಒಂದೇ ಅರ್ಥವಿಲ್ಲದ ಕಾರಣ ಗ್ರಾಂ ಲೆಕ್ಕದ ತೂಕವನ್ನು ನೋಡುವುದು ಒಳ್ಳೆಯದು. ಒಂದೇ ಸಿಂಬಲ್ ಬಳಸುವವರ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ.

18 ಅಂಗುಲ: ಸುಮಾರು 1,350ರಿಂದ 1,600 ಗ್ರಾಂ ತೂಕದ್ದು. ಒತ್ತಿನ ಹೊಡೆತಕ್ಕೆ ತಕ್ಷಣ ಸ್ಪಂದಿಸುತ್ತದೆ, ಬೇಗ ಆರುತ್ತದೆ, ಕೈಯಲ್ಲಿ ಹಿಡಿದು ನಿಲ್ಲಿಸಲು ಸುಲಭ. ಆದರೆ ರೈಡ್ ಮಾದರಿಯನ್ನು ಬಿಡದೆ ನುಡಿಸಿದರೆ ಹೊಡೆತಗಳು ಒಂದರೊಳಗೊಂದು ಕರಗುತ್ತವೆ. ಸ್ನೇರ್ ಮೇಲೆಯೇ ಹೆಚ್ಚು ನುಡಿಸಿ, ಸಿಂಬಲ್ಲನ್ನು ಒತ್ತಿಗೆ ಮಾತ್ರ ಬಳಸುವವರಿಗೆ ಇದು ಸೂಕ್ತ.

20 ಅಂಗುಲ: ಸುಮಾರು 1,800ರಿಂದ 2,100 ಗ್ರಾಂ ತೂಕದ್ದು. ರೈಡ್ ಮತ್ತು ಕ್ರ್ಯಾಶ್ ಎರಡನ್ನೂ ಸಮಾಧಾನಕರವಾಗಿ ನಿಭಾಯಿಸುವ ಅಳತೆ. ‘ಕ್ರ್ಯಾಶ್-ರೈಡ್’ ಎಂಬ ಹೆಸರಿನಲ್ಲಿ ಬರುವವು ಹೆಚ್ಚಾಗಿ 18 ಮತ್ತು 20 ಅಂಗುಲದವೇ. ಆದರೆ ಹೆಸರನ್ನಷ್ಟೇ ನಂಬಿ ಕೊಳ್ಳುವುದು ತರವಲ್ಲ. ತೆಳು ರೈಡ್ ಎಂದು ಮಾರಾಟವಾಗುವ ಸಿಂಬಲ್ ಇದೇ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡಬಹುದು.

22 ಅಂಗುಲ: ಸುಮಾರು 2,200ರಿಂದ 2,500 ಗ್ರಾಂ ತೂಕದ ತೆಳು ತಟ್ಟೆ. ಶ್ರುತಿ ತಗ್ಗಿನದು, ಮೈ ಕಪ್ಪುಬಣ್ಣದ ಕಂಬಳಿಯಂತೆ ಮೆತ್ತಗೆ ಹರಡುವ ನಾದ. ಜಾಝ್‌ಗೆ ಹತ್ತಿರವಾದ ತೂಗುವ ನಡೆಗೆ ಹೊಂದುತ್ತದೆ. ಕಿರಿದಾದ ಸಭಾಂಗಣದಲ್ಲಿ ಮಾತ್ರ ಕೈ ಹಗುರವಾಗಿರಬೇಕು.

ಭಾರಿ ರಾಕ್ ಸಂಗೀತಕ್ಕೆಂದು ತಯಾರಾದ, 20 ಅಂಗುಲದಲ್ಲೇ 2,400 ಗ್ರಾಂ ಮೀರುವ ದಪ್ಪ ರೈಡ್‌ಗಳನ್ನು ಇಲ್ಲಿ ದೂರವಿಡುವುದು ಕ್ಷೇಮ. ಅವುಗಳ ‘ಟಿಂಗ್’ ಸ್ಪಷ್ಟವೇನೋ ಹೌದು. ಆದರೆ ಒತ್ತಿಗೆಂದು ಅಂಚಿಗೆ ಹೊಡೆದರೆ ತೆರೆದುಕೊಳ್ಳದೆ ಗಂಟೆಯಂತೆ ಮೊಳಗಿ, ಬಹಳ ಹೊತ್ತು ಮೊಳಗುತ್ತಲೇ ಇರುತ್ತವೆ.

ಲೋಹದ ವಿಚಾರ

ವೃತ್ತಿನಿರತರು ಬಳಸುವ ಸಿಂಬಲ್‌ಗಳಲ್ಲಿ ಹೆಚ್ಚಿನವು ಶೇ. 80 ತಾಮ್ರ ಮತ್ತು ಶೇ. 20 ತವರ ಬೆರೆತ ಕಂಚಿನವು. ಇದಕ್ಕೆ ‘ಬಿ20’ ಎಂಬ ಸಂಕೇತವಿದೆ. ದೇವಾಲಯದ ಗಂಟೆ, ಕೈತಾಳಗಳಿಗೆ ಬಳಕೆಯಾಗುವ ಅಧಿಕ ತವರದ ಕಂಚಿಗೆ ಇದು ಹತ್ತಿರದ ನೆಂಟ. ತವರ ಇಷ್ಟು ಹೆಚ್ಚಿದ್ದಾಗ ಲೋಹ ಪೆಡಸಾಗುವುದರಿಂದ ಅದನ್ನು ಎರಕ ಹೊಯ್ದು, ಮತ್ತೆ ಮತ್ತೆ ಕಾಯಿಸಿ ಉರುಳೆಯಲ್ಲಿ ಹಿಗ್ಗಿಸಿ, ನೀರಿನಲ್ಲಿ ತಣಿಸಿ, ಸುತ್ತಿಗೆಯಿಂದ ಬಡಿದು ರೂಪ ಕೊಡುತ್ತಾರೆ. ಕೊನೆಗೆ ಲೇತ್‌ನಲ್ಲಿ ತಿರುಗಿಸಿ ಹೆರೆದಾಗ ಮೈಮೇಲೆ ವೃತ್ತಾಕಾರದ ಸಣ್ಣ ಗೆರೆಗಳು ಮೂಡುತ್ತವೆ.

ಶೇ. 92 ತಾಮ್ರ, ಶೇ. 8 ತವರದ ಮಿಶ್ರಣ ‘ಬಿ8’. ಇದನ್ನು ಹಾಳೆಯಾಗಿ ಪಡೆದು ಕತ್ತರಿಸಿ ತಯಾರಿಸಬಹುದಾದ್ದರಿಂದ ಕಡಿಮೆ ಬೆಲೆಯ ಸಿಂಬಲ್‌ಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಇದರ ನಾದ ನೇರ ಮತ್ತು ಪ್ರಖರ. ಬಿ8 ಎಂದರೆ ಕಳಪೆ ಎಂದೇನೂ ಅಲ್ಲ. ಸ್ವಿಟ್ಜರ್ಲೆಂಡ್‌ನ ಪೈಸ್ಟೆ ಸಂಸ್ಥೆಯ ಮೆಚ್ಚುಗೆ ಪಡೆದ ‘2002’ ಶ್ರೇಣಿ ಇದೇ ಮಿಶ್ರಣದ್ದು. ತಾಮ್ರ-ಸತು ಬೆರೆತ ಹಿತ್ತಾಳೆಯ ಸಿಂಬಲ್‌ಗಳು ಆರಂಭಿಕರ ಡ್ರಮ್ ಜೊತೆ ಬರುತ್ತವೆ. ಒಂದೇ ಸಿಂಬಲ್ ಮೇಲೆ ಎಲ್ಲ ಭಾರ ಹಾಕುವವರಿಗೆ ಅವು ಸಾಲವು. ಎರಡು-ಮೂರು ಸಿಂಬಲ್‌ಗಳಿಗೆ ಎತ್ತಿಟ್ಟ ಹಣವನ್ನು ಒಂದಕ್ಕೇ ಹಾಕಬಹುದು ಎಂಬುದು ಕಿರು ಜೋಡಣೆಯ ದೊಡ್ಡ ಅನುಕೂಲ.

ಸಿಂಬಲ್ ತಯಾರಿಕೆಯ ಪರಂಪರೆ ಇಂದಿನ ಇಸ್ತಾಂಬುಲ್‌ನದು. ಅರ್ಮೇನಿಯನ್ ಮೂಲದ ಜಿಲ್ಜಿಯನ್ ಮನೆತನ 1623ರಿಂದ ಅಲ್ಲಿ ಈ ಕಸುಬು ನಡೆಸಿತು. ಆ ಹೆಸರಿಗೆ ಸಿಂಬಲ್ ಮಾಡುವವರ ಮನೆತನ ಎಂದೇ ಅರ್ಥ. 1929ರಲ್ಲಿ ಮನೆತನದ ಮೂರನೇ ಅವೆಡಿಸ್ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಕಾರ್ಖಾನೆ ತೆರೆದರು. ಕುಟುಂಬದ ಪಾಲಿನ ನಂತರ 1980ರ ದಶಕದ ಆರಂಭದಲ್ಲಿ ಕೆನಡಾದಲ್ಲಿ ಸೇಬಿಯನ್ ಸಂಸ್ಥೆ ಹುಟ್ಟಿತು. ಇಸ್ತಾಂಬುಲ್‌ನಲ್ಲಿ ಹಳೆಯ ಕೈಕಸುಬನ್ನು ಮುಂದುವರಿಸಿದ ಇಬ್ಬರು ಕುಶಲಕರ್ಮಿಗಳ ಸಂಸ್ಥೆ 1996ರ ನಂತರ ಇಸ್ತಾಂಬುಲ್ ಆಗೋಪ್ ಮತ್ತು ಇಸ್ತಾಂಬುಲ್ ಮೆಹ್ಮೆತ್ ಎಂದು ಎರಡಾಯಿತು. 1950ರ ದಶಕದ ಧ್ವನಿಮುದ್ರಿಕೆಗಳಲ್ಲಿ ಕೇಳುವ ಬೆಚ್ಚನೆಯ ನಾದವನ್ನು ಹುಡುಕುವವರು ಈ ಕೈಬಡಿತದ, ತೆಳು ಸಿಂಬಲ್‌ಗಳತ್ತ ಒಲಿಯುವುದುಂಟು.

ಉಬ್ಬು, ಮೈ, ಅಂಚು

ಸಿಂಬಲ್‌ನ ನಡುವಿನ ಗುಮ್ಮಟದಂಥ ಉಬ್ಬಿಗೆ ‘ಬೆಲ್’ ಎನ್ನುತ್ತಾರೆ. ಉಬ್ಬು ದೊಡ್ಡದಿದ್ದರೆ ಉಪಸ್ವರಗಳು ಹೆಚ್ಚು, ಅನುರಣನ ಉದ್ದ. ಚಿಕ್ಕದಿದ್ದರೆ ನಾದ ಒಣದು, ಹಿಡಿತದಲ್ಲಿರುವಂಥದು. ಉಬ್ಬಿನಿಂದ ಅಂಚಿನವರೆಗಿನ ಇಳಿಜಾರು ಕಡಿದಾಗಿದ್ದರೆ ಶ್ರುತಿ ಏರುತ್ತದೆ, ಚಪ್ಪಟೆಯಾಗಿದ್ದರೆ ತಗ್ಗುತ್ತದೆ. ರಾಕಬಿಲಿಗೆ ಚಿಕ್ಕ ಅಥವಾ ಮಧ್ಯಮ ಉಬ್ಬು ಮತ್ತು ತಗ್ಗಿದ ಇಳಿಜಾರು ಅನುಕೂಲ. ಆದರೆ ಗಿಟಾರ್‌ನ ಏಕವಾದನದ ವೇಳೆ ಉಬ್ಬಿನ ಮೇಲೆ ನುಡಿಸುವ ಅಭ್ಯಾಸವುಳ್ಳವರು ಆ ಸದ್ದು ಕೇಳಿಸುವಷ್ಟಾದರೂ ಇದೆಯೇ ಎಂದು ಪರೀಕ್ಷಿಸಬೇಕು.

ಅಂಚಿನ ಬಳಿ ಸಣ್ಣ ರಂಧ್ರ ಕೊರೆದು ಸಡಿಲ ರಿವೆಟ್ ಕೂರಿಸಿದ ಸಿಂಬಲ್‌ಗೆ ‘ಸಿಜ್ಲ್’ ಎನ್ನುತ್ತಾರೆ. ಕಾವಲಿಯ ಮೇಲೆ ಎಣ್ಣೆ ಸುರಿದಂತೆ ‘ಚುಂಯ್’ ಎನ್ನುವ ಈ ನಾದ ನಿಧಾನಗತಿಯ ಹಾಡುಗಳಿಗೆ ಹಿತ. ಹೊಸ ಸಿಂಬಲ್‌ಗೆ ರಂಧ್ರ ಕೊರೆದರೆ ಹಿಂದಕ್ಕೆ ಪಡೆಯಲಾಗದು. ಮೊದಲು ಕಿರು ಮಣಿಸರಪಳಿಯೊಂದನ್ನು ಮೇಲಿನಿಂದ ಇಳಿಬಿಟ್ಟು ನೋಡಿ, ಅನಂತರ ತೀರ್ಮಾನಿಸುವುದು ಜಾಣತನ.

ಕೊಳ್ಳುವ ಮುನ್ನ ಪರೀಕ್ಷೆ

ತಾನು ದಿನವೂ ಬಳಸುವ ಸ್ಟಿಕ್‌ಗಳನ್ನೇ ಅಂಗಡಿಗೆ ಒಯ್ಯಬೇಕು. ನೈಲಾನ್ ತುದಿಯ ಸ್ಟಿಕ್‌ಗಳು ಬಂದದ್ದು 1958ರಲ್ಲಿ. ಅವು ಸಿಂಬಲ್‌ನ ಸದ್ದನ್ನು ಮರದ ತುದಿಗಿಂತ ಪ್ರಖರಗೊಳಿಸುತ್ತವೆ. ರಾಕಬಿಲಿಯ ಮೊದಲ ಧ್ವನಿಮುದ್ರಿಕೆಗಳ ನಾದ ಬೇಕೆನ್ನುವವರಿಗೆ ಮರದ ತುದಿಯೇ ಸರಿ. ತಂತಿಗಳ ಬ್ರಷ್ ಬಳಸುವವರು ಅದರಿಂದಲೂ ನುಡಿಸಿ ನೋಡಬೇಕು. ದಪ್ಪ ಸಿಂಬಲ್ ಬ್ರಷ್‌ಗೆ ಬಾಯಿಬಿಡುವುದಿಲ್ಲ.

ಪರೀಕ್ಷೆಗೆ ಒಂದೆರಡು ಹೊಡೆತ ಸಾಲದು. ಹಾಡಿನ ವೇಗದಲ್ಲಿ ಒಂದು ನಿಮಿಷ ರೈಡ್ ಮಾದರಿ ನುಡಿಸಿ, ಕೊನೆಗೂ ಹೊಡೆತಗಳು ಬಿಡಿಯಾಗಿ ಕೇಳುತ್ತವೆಯೇ ಎಂದು ಗಮನಿಸಬೇಕು. ನಡುವೆ ಅಂಚಿಗೆ ಒತ್ತಿನ ಹೊಡೆತ ಕೊಟ್ಟು, ತಕ್ಷಣ ರೈಡ್‌ಗೆ ಮರಳಿದಾಗ ಸ್ಪಷ್ಟತೆ ಎಷ್ಟು ಬೇಗ ಹಿಂತಿರುಗುತ್ತದೆ ನೋಡಬೇಕು. ಬಳಿಕ ಅಂಚನ್ನು ಬೆರಳುಗಳಿಂದ ಹಿಡಿದು ಸದ್ದನ್ನು ನಿಲ್ಲಿಸಬೇಕು. ವಾದ್ಯಗಳೆಲ್ಲ ಒಮ್ಮೆಲೇ ನಿಂತು ಕಂಠ ಮಾತ್ರ ಮುಂದುವರಿಯುವ ಜಾಗಗಳು ರಾಕಬಿಲಿಯಲ್ಲಿ ಹೇರಳ. ಅಲ್ಲಿ ನಿಲ್ಲದ ಸಿಂಬಲ್ ಹಾಡನ್ನೇ ಕೆಡಿಸುತ್ತದೆ.

ಕೊನೆಯ ಪರೀಕ್ಷೆ ದೂರದ್ದು. ಹತ್ತಿರದಲ್ಲಿ ಕಿವಿಗೆ ಬೀಳುವ ಗುಂಯ್ಗುಡಿಕೆ ಹದಿನೈದಿಪ್ಪತ್ತು ಅಡಿ ಆಚೆ ಬೇರೆಯೇ ಆಗಿರುತ್ತದೆ. ಇನ್ನೊಬ್ಬರಿಂದ ನುಡಿಸಿ ದೂರ ನಿಂತು ಕೇಳಬೇಕು. ತಂಡದ ಬಾಸ್ ವಾದಕನನ್ನು ಕರೆದೊಯ್ಯಲು ಸಾಧ್ಯವಾದರೆ ಅವನ ‘ಟಕ್’ ಸದ್ದು ಉಳಿಯುವುದೋ ಅಳಿಯುವುದೋ ಅಲ್ಲೇ ತಿಳಿಯುತ್ತದೆ.

ಬಳಸಿದ ಸಿಂಬಲ್ ಕೊಳ್ಳುವುದರಲ್ಲಿ ತಪ್ಪಿಲ್ಲ. ಹಳೆಯದರ ನಾದ ಎಷ್ಟೋ ವೇಳೆ ಮಾಗಿದ್ದಾಗಿರುತ್ತದೆ. ಆದರೆ ಬೆಳಕಿಗೆ ಹಿಡಿದು ಅಂಚಿನಲ್ಲಿ ಕೂದಲೆಳೆಯ ಬಿರುಕುಗಳಿವೆಯೇ, ಲೇತ್ ಗೆರೆಗಳ ಗುಂಟ ಸೀಳಿದೆಯೇ, ನಡುವಿನ ರಂಧ್ರ ಸವೆದು ಬೀಗದ ಕಿಂಡಿಯಂತಾಗಿದೆಯೇ ಎಂದು ನೋಡಬೇಕು. ಬಿರುಕು ಬಿಟ್ಟದ್ದು ಬೆಳೆಯುತ್ತಲೇ ಹೋಗುತ್ತದೆ. ಕಪ್ಪಾದ ಮೈ ಮಾತ್ರ ದೋಷವಲ್ಲ. ಅದನ್ನು ಉಜ್ಜಿ ಹೊಳೆಯಿಸುವ ಅಗತ್ಯವೂ ಇಲ್ಲ.

ಜೋಡಣೆ ಮತ್ತು ಬಳಕೆ

ಸ್ಟ್ಯಾಂಡ್‌ನ ಲೋಹ ಸಿಂಬಲ್‌ಗೆ ತಾಗದಂತೆ ಪ್ಲಾಸ್ಟಿಕ್ ಕೊಳವೆ ಮತ್ತು ಉಣ್ಣೆಯ ಬಿಲ್ಲೆಗಳಿರಬೇಕು. ಮೇಲಿನ ತಿರುಪನ್ನು ಬಿಗಿದು ಕಟ್ಟಿದರೆ ಸಿಂಬಲ್ ತೂಗಲಾಗದೆ ನಾದ ಕುಗ್ಗುತ್ತದೆ, ಬಿರುಕು ಬೀಳುವ ಅಪಾಯವೂ ಇದೆ. ನಿಂತು ನುಡಿಸುವವರು ಸಿಂಬಲ್ಲನ್ನು ಸೊಂಟಕ್ಕಿಂತ ತುಸು ಮೇಲೆ, ತಮ್ಮತ್ತ ಕೊಂಚ ವಾಲಿಸಿ ಇಟ್ಟರೆ ಮೈ, ಉಬ್ಬು, ಅಂಚು ಮೂರೂ ಕೈಗೆಟುಕುತ್ತವೆ. ನಾದ ಅತಿಯಾದರೆ ತಳಭಾಗದಲ್ಲಿ ಬಟ್ಟೆಯ ಅಂಟುಪಟ್ಟಿಯ ಚಿಕ್ಕ ತುಂಡು ಹಚ್ಚಿ ತಗ್ಗಿಸಬಹುದು.

ಸಾಧನ ಸರಿಯಿದ್ದರೂ ಬಳಕೆಯ ಮಿತಿ ವಾದಕನ ಕೈಯಲ್ಲೇ ಇದೆ. ಹಾಡಿನ ಚರಣದುದ್ದಕ್ಕೂ ಸ್ನೇರ್ ಮೇಲೆ ಬ್ರಷ್ ಅಥವಾ ಸ್ಟಿಕ್‌ನಿಂದ ರೈಲಿನ ಓಟದಂಥ ಲಯ ಹಿಡಿದು, ಗಿಟಾರ್‌ನ ಏಕವಾದನ ಬಂದಾಗ ಮಾತ್ರ ಸಿಂಬಲ್‌ಗೆ ಹೊರಳುವ ಕ್ರಮ ಪರಿಣಾಮಕಾರಿ. ಒಂದೇ ಸಿಂಬಲ್ ಇದ್ದರೂ ಹಾಡಿಗೆ ಎರಡು ಬಣ್ಣ ದೊರೆಯುವುದು ಈ ಬಗೆಯ ಹಂಚಿಕೆಯಿಂದ.

ಒಟ್ಟಾರೆ ನೋಡಿದರೆ, ಮೊದಲ ಬಾರಿಗೆ ಇಂಥ ಕಿರು ಜೋಡಣೆ ಕಟ್ಟುವವರಿಗೆ 20 ಅಂಗುಲದ, ಎರಡು ಕಿಲೋ ಆಸುಪಾಸಿನ, ಬಿ20 ಕಂಚಿನ, ಚಿಕ್ಕ ಉಬ್ಬಿನ ಸಿಂಬಲ್ ಭರವಸೆಯ ಆಯ್ಕೆ. ಒತ್ತಿಗೆ ಹೆಚ್ಚು ಬೆಲೆ ಕೊಡುವವರು 18 ಅಂಗುಲಕ್ಕೆ ಇಳಿಯಬಹುದು. ತೂಗುವ ನಡೆಯನ್ನು ಮೆಚ್ಚುವವರು 22 ಅಂಗುಲದ ತೆಳು ತಟ್ಟೆಗೆ ಏರಬಹುದು. ಯಾವುದನ್ನೇ ಆರಿಸಿದರೂ ಬಾಸ್ ವಾದ್ಯದ ಹೊಡೆತ ಸಭಾಂಗಣದ ಹಿಂದಿನ ಸಾಲಿಗೂ ಕೇಳುವಂತಿದ್ದರೆ ಆಯ್ಕೆ ಸರಿಯಾಗಿದೆ ಎಂದೇ ಅರ್ಥ.